ಮಗನಿಗೆ ಬೆಂಗಳೂರು, ಮಗಳಿಗೆ ಕಂಪನಿ ವ್ಯಾನು



ಪ್ರತಿ ವರ್ಷ ಮೇ ತಿಂಗಳಲ್ಲಿ ಪ್ಲಸ್ ಟೂ ಫಲಿತಾಂಶ ಬಂದ ಕೂಡಲೇ ನಮ್ಮ ಪುಟದಲ್ಲಿ ಒಂದು ಸಂಭ್ರಮ. ಥಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆ, ಅಂಚೆಟ್ಟಿ ಕಡೆಯಿಂದ ಫೋಟೋಗಳು ಬರ್ತವೆ. ನಾವು ಹಳದಿ ಕೆಂಪು ಅಂಚು ಹಾಕಿ, "ಗಡಿನಾಡಿನ ಹೆಮ್ಮೆ" ಅಂತ ಬರೆದು ಹಾಕ್ತೀವಿ. ಆ ಫೋಟೋಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳದ್ದೇ. ಲೈಕು, ಶೇರು, "ಅಭಿನಂದನೆಗಳು ತಂಗಿ" ಅನ್ನೋ ಕಮೆಂಟು. ಎರಡು ದಿನ ಆದ ಮೇಲೆ ನಾವೂ ಮರೀತೀವಿ, ನೀವೂ ಮರೀತೀರಿ.

ಆಗಸ್ಟ್‌ನಲ್ಲಿ ಆ ತಂಗಿ ಎಲ್ಲಿದಾಳೆ ಅಂತ ಯಾರೂ ಕೇಳೋದಿಲ್ಲ. ಈ ಬಾರಿಯ ಸಂಪಾದಕೀಯ ಆ ಪ್ರಶ್ನೆಯ ಬಗ್ಗೆ.

ಹೋದ ವರ್ಷ ಥಳಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ನಮ್ಮ ಪುಟದಲ್ಲೇ ಫೋಟೋ ಹಾಕಿದ್ದ ಹುಡುಗಿಯ ಮನೆ. ಒಳ್ಳೆಯ ಮಾರ್ಕ್ಸು, ಲೆಕ್ಕದಲ್ಲಿ ಗಟ್ಟಿ. ಅಮ್ಮ ರೋಜಾ ಗ್ರೀನ್‌ಹೌಸಿಗೆ ಕೂಲಿಗೆ ಹೋಗ್ತಾರೆ, ಅಪ್ಪನಿಗೆ ಎರಡು ಎಕರೆ ರಾಗಿ ಹೊಲ. ಮನೆಯಲ್ಲಿ ಇಬ್ಬರು ಮಕ್ಕಳು. ಅಣ್ಣನನ್ನು ಬೆಂಗಳೂರಿನ ಖಾಸಗಿ ಕಾಲೇಜಿಗೆ ಸೇರಿಸಿದ್ದಾರೆ, ಸಾಲ ಮಾಡಿ. "ಇವಳದ್ದು ಏನಣ್ಣ?" ಅಂತ ಕೇಳಿದೆ. ಅಪ್ಪ ಕೋಪ ಮಾಡಿಕೊಳ್ಳಲಿಲ್ಲ, ಬೇಜಾರೂ ಪಡಲಿಲ್ಲ. ತುಂಬಾ ಸಹಜವಾಗಿ ಹೇಳಿದರು: "ಇವಳಿಗೇನು ಸಾರ್, ಕಂಪನಿ ವ್ಯಾನು ಮನೆ ಹತ್ರಾನೇ ಬರುತ್ತೆ. ಎರಡು ವರ್ಷ ಹೋದ್ರೆ ಮದುವೆ ಖರ್ಚಿಗೆ ಆಯ್ತು." ಹುಡುಗಿ ಬಾಗಿಲ ಹತ್ರ ನಿಂತು ಕೇಳಿಸಿಕೊಳ್ತಾ ಇದ್ದಳು. ನಾನು ಕೊಟ್ಟ ಕಾಲೇಜಿನ ಅರ್ಜಿಯ ವಿವರದ ಚೀಟಿಯನ್ನು ಮಡಿಸಿ ಮೊಬೈಲ್ ಕವರಿನೊಳಗೆ ಇಟ್ಟುಕೊಂಡಳು. ಅಷ್ಟೇ.

ಆ ಅಪ್ಪ ಕೆಟ್ಟವರಲ್ಲ. ಅವರ ಲೆಕ್ಕ ನಮ್ಮ ನಿಮ್ಮ ಎಲ್ಲರ ಮನೆಯ ಲೆಕ್ಕ. ಆ ಲೆಕ್ಕ ತಪ್ಪು ಅಂತ ಬೈದರೆ ಆಗಲ್ಲ, ತಪ್ಪು ಅಂತ ಕೂಡಿ ಕಳೆದು ತೋರಿಸಬೇಕು.

ಮೊದಲು ಕಂಪನಿಯ ವಿಷಯಕ್ಕೆ ಬರೋಣ. ಹೊಸೂರಿನ ಸಿಪ್ಕಾಟ್ ನಮ್ಮ ಅಪ್ಪಂದಿರ ಕಾಲದಿಂದ ಇದೆ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್. ಆಗ ಅದು ಹೆಚ್ಚಾಗಿ ಗಂಡಸರ ಜಗತ್ತು. ಈಗ ಚಿತ್ರ ಬದಲಾಗಿದೆ. ಪೋಚಂಪಳ್ಳಿ ಕಡೆ ಓಲಾ ಸ್ಕೂಟರ್ ಕಾರ್ಖಾನೆ ಬಂದಾಗ, 2021ರ ಸೆಪ್ಟೆಂಬರ್‌ನಲ್ಲಿ, ಅದನ್ನು ಪೂರ್ತಿ ಹೆಂಗಸರೇ ನಡೆಸ್ತಾರೆ, ಹತ್ತು ಸಾವಿರ ಜನ, ಅಂತ ಪ್ರಕಟಣೆ ಬಂತು. ಡೆಂಕಣಿಕೋಟೆ ದಾರಿಯ ಟಾಟಾ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಐಫೋನಿನ ಬಿಡಿಭಾಗ ಮಾಡುವವರಲ್ಲಿ ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಜಾರ್ಖಂಡ್‌ನಂಥ ದೂರದ ರಾಜ್ಯಗಳಿಂದಲೂ ಹುಡುಗಿಯರನ್ನು ಕರೆತಂದು ಹಾಸ್ಟೆಲ್ ಕೊಟ್ಟು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಅಂದ ಮೇಲೆ ಪಕ್ಕದ ಹಳ್ಳಿಯ ಪ್ಲಸ್ ಟೂ ಮುಗಿಸಿದ ಹುಡುಗಿ ಕಣ್ಣಿಗೆ ಬೀಳದೆ ಇರ್ತಾಳಾ?

ಇದನ್ನು ನಾವು ಕೆಟ್ಟದ್ದು ಅಂತ ಹೇಳ್ತಾ ಇಲ್ಲ. ಹದಿನೆಂಟು ವರ್ಷದ ಹುಡುಗಿಯ ಕೈಯಲ್ಲಿ ಅವಳದ್ದೇ ಎಟಿಎಂ ಕಾರ್ಡು, ಅವಳದ್ದೇ ಸಂಬಳ. ನಮ್ಮ ಅಜ್ಜಿಯರು ಕನಸಲ್ಲೂ ಕಾಣದ ವಿಷಯ. ಎಷ್ಟೋ ಮನೆಗಳಲ್ಲಿ ಆ ಸಂಬಳ ಬಂದ ಮೇಲೆ ಮಗಳ ಮಾತಿಗೆ ಬೆಲೆ ಬಂದಿದೆ, ಮದುವೆ ಎರಡು ವರ್ಷ ಮುಂದೆ ಹೋಗಿದೆ. ಅದನ್ನು ಹೀಗಳೆಯುವವರು ಆ ಮನೆಗಳಿಗೆ ಹೋಗಿ ನೋಡಿ ಬರಲಿ.

ಆದ್ರೆ ಒಂದು ಪ್ರಶ್ನೆ. ಅದೇ ವ್ಯಾನಿಗೆ ಮಗನನ್ನು ಯಾಕೆ ಹತ್ತಿಸಲಿಲ್ಲ? ಮಗ ಲೈನಿನಲ್ಲಿ ನಿಂತು ಸ್ಕ್ರೂ ಹಾಕೋದು ಬೇಡ, ಅವನು ಅದೇ ಕಂಪನಿಗೆ ಇಂಜಿನಿಯರ್ ಆಗಿ ಹೋಗಲಿ ಅಂತ ಅಲ್ವಾ? ಹಾಗಾದರೆ ಮಗಳ ಬಗ್ಗೆ ಆ ಆಸೆ ಯಾಕೆ ಇಲ್ಲ? ಇಷ್ಟೇ ವ್ಯತ್ಯಾಸ. ಈ ವ್ಯತ್ಯಾಸಕ್ಕೇ ಅಸಮಾನತೆ ಅಂತ ಹೆಸರು, ದೊಡ್ಡ ದೊಡ್ಡ ಪುಸ್ತಕ ಏನೂ ಬೇಡ.

ಅಂಕಿಅಂಶ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿ ಪ್ರಕಾರ ದೇಶದಲ್ಲಿ 18ರಿಂದ 23 ವಯಸ್ಸಿನ ನೂರು ಜನಕ್ಕೆ 28 ಜನರ ಲೆಕ್ಕದಲ್ಲಿ ಕಾಲೇಜು ಪ್ರವೇಶ. ತಮಿಳುನಾಡಿನಲ್ಲಿ ಅದು 47. ದೇಶದ ಮಟ್ಟದಲ್ಲಿ ಹುಡುಗಿಯರು ಹುಡುಗರಿಗಿಂತ ಕೂದಲೆಳೆಯಷ್ಟು ಮುಂದೇ ಇದ್ದಾರೆ. ಭಾಷಣ ಮಾಡುವವರಿಗೆ ಇಷ್ಟು ಸಾಕು. ಆದ್ರೆ ರಾಜ್ಯದ ಸರಾಸರಿಯಲ್ಲಿ ಚೆನ್ನೈ, ಕೊಯಮತ್ತೂರು ಎಲ್ಲ ಸೇರಿವೆ. ನಮ್ಮ ಜಿಲ್ಲೆಯ ಕಥೆ ಬೇರೆ. 2011ರ ಜನಗಣತಿಯಲ್ಲಿ ತಮಿಳುನಾಡಿನ ಸಾಕ್ಷರತೆ ಶೇ. 80 ಇದ್ದಾಗ ಕೃಷ್ಣಗಿರಿಯದ್ದು ಶೇ. 71ರ ಆಸುಪಾಸು. ಹೆಂಗಸರದ್ದು ಅದಕ್ಕಿಂತಲೂ ಕೆಳಗೆ. 2004ರವರೆಗೆ ನಾವು ಸೇರಿದ್ದ ಧರ್ಮಪುರಿ ಜಿಲ್ಲೆಯ ಹೆಸರು ಹೆಣ್ಣು ಶಿಶು ಹತ್ಯೆಗೆ ಕುಖ್ಯಾತಿ ಪಡೆದಿತ್ತು. 1992ರಲ್ಲಿ ಸೇಲಂನಲ್ಲಿ ಶುರುವಾದ ತೊಟ್ಟಿಲು ಮಗು ಯೋಜನೆಯನ್ನು 2001ರಲ್ಲಿ ಧರ್ಮಪುರಿಗೆ ತಂದದ್ದು ಸುಮ್ಮನೆ ಅಲ್ಲ. ಆಗ ತೊಟ್ಟಿಲಿಗೆ ಬಂದು ಬದುಕಿದ ಮಕ್ಕಳ ವಯಸ್ಸಿನವರೇ ಇವತ್ತು ಕಾಲೇಜು ಮುಗಿಸಿ ಹೊರಗೆ ಬರಬೇಕಾದ ತಲೆಮಾರು.

2025ರ ಮಾರ್ಚ್‌ನಲ್ಲಿ ಅಂಚೆಟ್ಟಿ ಬೆಟ್ಟದ ಕಡೆಯ ಆ ವಿಡಿಯೋ ನೀವೆಲ್ಲ ನೋಡಿರ್ತೀರಿ. ಹದಿನಾಲ್ಕು ವರ್ಷದ ಹುಡುಗಿ, ಮದುವೆ ಬೇಡ ಅಂತ ತವರಿಗೆ ಓಡಿ ಬಂದವಳನ್ನು ಗಂಡಸರು ಹೊತ್ತುಕೊಂಡು ಹೋಗ್ತಾ ಇದ್ದರು, ಅವಳು ಕಿರುಚ್ತಾ ಇದ್ದಳು. ಮದುವೆ ನಡೆದದ್ದು ಬೆಂಗಳೂರಿನಲ್ಲಿ. ಪೊಲೀಸರು ಕೇಸು ಹಾಕಿದರು, ಬಂಧನ ಆಯ್ತು. ದಯವಿಟ್ಟು ಆ ವಿಡಿಯೋ ಯಾರ ಹತ್ರಾದ್ರೂ ಇದ್ದರೆ ಅಳಿಸಿ, ಆ ಮಗುವಿಗೆ ಇನ್ನೂ ಬದುಕೋದಿದೆ. ನಾವು ಹೇಳಬೇಕಾದ್ದು ಬೇರೆ. ಅವಳು ಶಾಲೆ ಬಿಟ್ಟದ್ದು ಏಳನೇ ತರಗತಿಗೆ. ಶಾಲೆ ಬಿಟ್ಟ ದಿನ ಯಾರೂ ವಿಡಿಯೋ ಮಾಡಲಿಲ್ಲ.

ಇಲ್ಲಿ ಗಡಿಯದ್ದೂ ಒಂದು ಪಾತ್ರ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯಲ್ಲಿ, 20ರಿಂದ 24 ವಯಸ್ಸಿನ ಹೆಂಗಸರ ಪೈಕಿ ಹದಿನೆಂಟು ತುಂಬುವ ಮೊದಲೇ ಮದುವೆ ಆದವರು ತಮಿಳುನಾಡಿನಲ್ಲಿ ಶೇ. 12.8, ಕರ್ನಾಟಕದಲ್ಲಿ ಶೇ. 21.3. ನಮ್ಮ ಸಂಬಂಧಗಳೆಲ್ಲ ಆನೇಕಲ್, ಕನಕಪುರ, ಮಾಲೂರು ಕಡೆ. ಹೆಣ್ಣು ಕೊಡೋದು, ತರೋದು ಎರಡೂ ಗಡಿ ದಾಟಿಯೇ. ಇಲ್ಲಿಯ ಅಧಿಕಾರಿಗಳಿಗೆ ಗೊತ್ತಾಗುತ್ತೆ ಅಂತ ಅಲ್ಲಿ ಮಾಡೋದು, ಅಲ್ಲಿ ಗೊತ್ತಾಗುತ್ತೆ ಅಂತ ಇಲ್ಲಿ ಮಾಡೋದು. ಗಡಿ ನಮಗೆ ಅನ್ಯಾಯ ಮಾಡಿದೆ ಅಂತ ದಿನಾ ಬರೆಯುವ ನಾವು, ಅದೇ ಗಡಿಯನ್ನು ಮರೆಮಾಚಲು ಬಳಸಿಕೊಳ್ಳೋದನ್ನೂ ಬರೆಯಬೇಕು. ಇಂಥದ್ದು ಕಿವಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ, ಎರಡೂ ರಾಜ್ಯದಲ್ಲಿ ಅದೇ ನಂಬರು.

ಇನ್ನು ನಮ್ಮ ಭಾಷೆಗೆ ನೇರವಾಗಿ ತಾಗುವ ವಿಷಯ. ಇದನ್ನು ಬರೆಯೋಕೆ ಸ್ವಲ್ಪ ಸಂಕೋಚ, ಆದ್ರೂ ಬರೀತೀನಿ.

ನಮ್ಮ ಕನ್ನಡ ಶಾಲೆಗಳಿಗೆ ಹೋಗಿ ಬೆಂಚಿನ ಮೇಲೆ ಯಾರು ಕೂತಿದಾರೆ ನೋಡಿ. ಮೇಲಿನ ತರಗತಿಗೆ ಹೋದ ಹಾಗೆ ಹುಡುಗರು ಕಡಿಮೆ, ಹುಡುಗಿಯರು ಜಾಸ್ತಿ. ಇದು ಹೆಣ್ಣುಮಕ್ಕಳಿಗೆ ಕನ್ನಡದ ಮೇಲೆ ಪ್ರೀತಿ ಹೆಚ್ಚು ಅಂತಲಾ? ಅಲ್ಲ. ಗಂಡುಹುಡುಗನನ್ನು ಹಳದಿ ಬಸ್ಸಿನಲ್ಲಿ ಇಂಗ್ಲಿಷ್ ಶಾಲೆಗೆ ಕಳಿಸಿ, ಹೆಣ್ಣಿಗೆ ಫೀಸು ದಂಡ ಅಂತ ಊರ ಸರ್ಕಾರಿ ಶಾಲೆಗೆ ಹಾಕಿರೋದು. ಗಡಿನಾಡಿನಲ್ಲಿ ಕನ್ನಡ ಶಾಲೆ ಇನ್ನೂ ಉಸಿರಾಡ್ತಾ ಇದ್ದರೆ ಅದಕ್ಕೆ ಒಂದು ಕಾರಣ ನಮ್ಮ ಹೋರಾಟ. ಇನ್ನೊಂದು ಕಾರಣ, ಮಗಳ ಮೇಲೆ ಖರ್ಚು ಮಾಡಲು ನಮಗಿರುವ ಜಿಪುಣತನ. ಎರಡನೆಯದನ್ನು ನಾವು ಯಾವ ವೇದಿಕೆಯಲ್ಲೂ ಹೇಳಿಲ್ಲ.

ಹೀಗೆ ಕನ್ನಡದಲ್ಲಿ ಓದಿದ ಹುಡುಗಿಯನ್ನು ಪ್ಲಸ್ ಟೂಗೇ ನಿಲ್ಲಿಸಿದರೆ ಮುಂದೆ ಏನಾಗುತ್ತೆ? ಕನ್ನಡ ಶಾಲೆಗೆ ಟೀಚರ್ ಬೇಕು. ಟೀಚರ್ ಆಗಬೇಕಾದರೆ ತರಬೇತಿ, ಬಿ.ಇಡಿ., ಆಮೇಲೆ ತಮಿಳುನಾಡಿನ ಶಿಕ್ಷಕರ ಅರ್ಹತಾ ಪರೀಕ್ಷೆ ಬೇಕು. ಆ ಟೆಟ್ ಪರೀಕ್ಷೆಯಲ್ಲಿ ಭಾಷಾ ಪತ್ರಿಕೆಗೆ ತಮಿಳಿನ ಜೊತೆ ಕನ್ನಡ, ತೆಲುಗು, ಮಲಯಾಳಂ, ಉರ್ದು ಆಯ್ಕೆಯೂ ಇದೆ. ಬರೆಯುವವರು ಬೇಕಲ್ಲ! "ಕನ್ನಡ ಶಿಕ್ಷಕರನ್ನು ನೇಮಿಸಿ" ಅಂತ ಕಲೆಕ್ಟರ್ ಆಫೀಸಿನ ಮುಂದೆ ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳೋ ನಮ್ಮನ್ನು "ಅರ್ಹತೆ ಇರೋರ ಪಟ್ಟಿ ಕೊಡಿ" ಅಂತ ಅಧಿಕಾರಿ ಕೇಳಿದರೆ ನಮ್ಮ ಹತ್ರ ಎಷ್ಟು ಹೆಸರಿದೆ? ಆ ಪಟ್ಟಿಯಲ್ಲಿ ಇರಬೇಕಾದ ಹುಡುಗಿಯರು ಬೆಳಗ್ಗೆ ಐದೂವರೆಗೆ ವ್ಯಾನಿಗೆ ಕಾಯ್ತಾ ನಿಂತಿದಾರೆ, ಇಲ್ಲವೇ ಮಾಲೂರಿನ ಯಾವುದೋ ಹಳ್ಳಿಯಲ್ಲಿ ಮಗು ಎತ್ತಿಕೊಂಡು ಕೂತಿದಾರೆ.

ಸಂವಿಧಾನದ 350ಎ ವಿಧಿ ನಮಗೆ ಬಾಯಿಪಾಠ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕು ಅಂತ 1956ರ ತಿದ್ದುಪಡಿಯಲ್ಲಿ ಸೇರಿಸಿದ್ದು. ಆದ್ರೆ ಅದು ಹೇಳೋದು ಪ್ರಾಥಮಿಕ ಹಂತದ ಮಾತು. ಅಲ್ಲಿಂದ ಮೇಲೆ ನಮ್ಮ ಮಕ್ಕಳ ದಾರಿ ನಾವೇ ನೋಡಿಕೊಳ್ಳಬೇಕು. ಹತ್ತನೆಯದರವರೆಗೆ ಕನ್ನಡ ಮಾಧ್ಯಮ, ಆಮೇಲೆ ಪ್ಲಸ್ ಒನ್‌ಗೆ ಕನ್ನಡ ಸಿಗೋದು ಅಪರೂಪ, ಕಾಲೇಜಿನಲ್ಲಿ ತಮಿಳು ಇಲ್ಲವೇ ಇಂಗ್ಲಿಷ್. ಈ ಎರಡು ಜಿಗಿತದಲ್ಲಿ ಗಂಡುಹುಡುಗ ಎಡವಿದರೆ ಟ್ಯೂಷನ್, ಇನ್ನೊಂದು ಸಲ ಅಟೆಂಪ್ಟ್. ಹೆಣ್ಣು ಎಡವಿದರೆ "ಸಾಕು ಬಿಡು". ಭಾಷೆಯ ಕಷ್ಟ ಇಬ್ಬರಿಗೂ ಒಂದೇ, ಅದಕ್ಕೆ ತೆರುವ ಬೆಲೆ ಬೇರೆ ಬೇರೆ.

"ಕನ್ನಡ ಮೀಡಿಯಂ ಹುಡುಗಿ, ಕಾಲೇಜಿನಲ್ಲಿ ತಮಿಳಲ್ಲಿ ಪಾಠ ಹೇಗೆ ಅರ್ಥ ಆಗುತ್ತೆ" ಅನ್ನೋರಿಗೆ ಒಂದು ಮಾತು. 2006ರ ತಮಿಳು ಕಲಿಕೆ ಕಾಯ್ದೆಯನ್ನು ನಾವು ವಿರೋಧಿಸಿದವರೇ. ಆ ಕಾನೂನು ಹತ್ತನೇ ತರಗತಿಯ ಪರೀಕ್ಷೆಗೆ ಬಂದು ತಲುಪಿದಾಗ ಭಾಷಾ ಅಲ್ಪಸಂಖ್ಯಾತರು ಕೋರ್ಟು ಮೆಟ್ಟಿಲು ಹತ್ತಿದರು, 2023ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ವಿನಾಯಿತಿ ತಂದರು. ಮಾತೃಭಾಷೆಯ ಮಾರ್ಕ್ಸಿಗೆ ಬೆಲೆ ಇರಬೇಕು ಅನ್ನೋ ಬೇಡಿಕೆಯಲ್ಲಿ ಇವತ್ತೂ ಬದಲಾವಣೆ ಇಲ್ಲ. ಆದ್ರೆ ಈ ಕಾಲದಲ್ಲಿ ಒಂದನೇ ತರಗತಿಯಿಂದ ತಮಿಳನ್ನೂ ಓದಿಕೊಂಡು ಬಂದ ನಮ್ಮ ಹುಡುಗಿಗೆ ಕನ್ನಡ, ತಮಿಳು ಎರಡೂ ಓದಲು ಬರೆಯಲು ಬರುತ್ತೆ. ನಮ್ಮ ಕಡೆ ಅರ್ಧ ಮನೆಗಳಲ್ಲಿ ತೆಲುಗೂ ನಡೆಯುತ್ತೆ. ಇಂಗ್ಲಿಷ್ ಸ್ವಲ್ಪ ಕಡಿಮೆ, ಒಪ್ಪೋಣ. ಮೂರು ಭಾಷೆ ಬಲ್ಲವಳನ್ನು "ಇವಳಿಗೆ ಭಾಷೆ ಬರಲ್ಲ" ಅಂತ ಮನೇಲಿ ಕೂರಿಸೋದು ಯಾವ ನ್ಯಾಯ? ಅದು ನೆಪ.

ಈಗ ಹಣದ ಲೆಕ್ಕ. ಇದನ್ನು ಗಮನ ಇಟ್ಟು ಓದಿ, ಮನೆಯಲ್ಲಿ ಅಪ್ಪ ಅಮ್ಮನಿಗೂ ಓದಿ ಹೇಳಿ.

ತಮಿಳುನಾಡಿನಲ್ಲಿ ಮೂವಲೂರು ರಾಮಾಮೃತಂ ಅಮ್ಮೈಯಾರ್ ಹೆಸರಿನ ಮದುವೆ ಸಹಾಯ ಯೋಜನೆ ಇತ್ತು, 1989ರಿಂದ. ಬಡ ಮನೆಯ, ಓದಿದ ಹುಡುಗಿಯ ಮದುವೆಗೆ ಸರ್ಕಾರ ದುಡ್ಡು ಕೊಡ್ತಿತ್ತು, ಆಮೇಲೆ ತಾಳಿಗೆ ಚಿನ್ನವನ್ನೂ ಸೇರಿಸಿದರು. ದೇವದಾಸಿ ಪದ್ಧತಿ ವಿರುದ್ಧ ಜೀವನ ಪೂರ್ತಿ ಹೋರಾಡಿದ ಹೆಂಗಸಿನ ಹೆಸರಲ್ಲಿ ತಾಳಿ ಹಂಚೋದು, ನೋಡಿ ವಿಚಿತ್ರ. 2022ರಲ್ಲಿ ಸರ್ಕಾರ ಆ ಯೋಜನೆಯನ್ನು ಬದಲಾಯಿಸಿತು. ಮದುವೆ ದುಡ್ಡನ್ನು ಓದಿನ ಕಡೆ ತಿರುಗಿಸಿತು. ಅದೇ ಪುದುಮೈ ಪೆಣ್, 2022ರ ಸೆಪ್ಟೆಂಬರ್ 5ರಂದು ಶುರುವಾಯ್ತು. ಸರ್ಕಾರಿ ಶಾಲೆಯಲ್ಲಿ 6ರಿಂದ 12ರವರೆಗೆ ಓದಿದ ಹುಡುಗಿ ಡಿಗ್ರಿಗೋ, ಡಿಪ್ಲೊಮಾಗೋ, ಐಟಿಐಗೋ ಸೇರಿದರೆ ಓದು ಮುಗಿಯೋವರೆಗೆ ತಿಂಗಳಿಗೆ 1000 ರೂಪಾಯಿ ಅವಳ ಬ್ಯಾಂಕ್ ಖಾತೆಗೆ. ಮೂರು ವರ್ಷದ ಡಿಗ್ರಿಗೆ 36 ಸಾವಿರ. ಕಂಪನಿ ಸಂಬಳದ ಮುಂದೆ ಇದು ಏನೂ ಅಲ್ಲ, ಗೊತ್ತು. ಆದ್ರೆ ಬಸ್ಸು, ನೋಟ್‌ಬುಕ್ಕು, ಮಧ್ಯಾಹ್ನದ ಊಟಕ್ಕೆ ಅಪ್ಪನ ಮುಂದೆ ಕೈ ಚಾಚೋದು ತಪ್ಪುತ್ತೆ. ಹುಡುಗರಿಗೆ ಇದೇ ರೀತಿಯ ತಮಿಳ್ ಪುದಲ್ವನ್ 2024ರ ಆಗಸ್ಟ್‌ನಲ್ಲಿ ಬಂತು.

ಅನುದಾನಿತ ಶಾಲೆಗಳಿಗೆ ಈ ಯೋಜನೆ ವಿಸ್ತರಿಸಿದಾಗ "ತಮಿಳು ಮಾಧ್ಯಮ" ಅಂತ ಸೇರಿಸಿದರು. ಕನ್ನಡ, ತೆಲುಗು, ಉರ್ದು ಮಾಧ್ಯಮದ ಅನುದಾನಿತ ಶಾಲೆಯ ಬಡ ಹುಡುಗಿ ಏನು ಪಾಪ ಮಾಡಿದ್ದಳು? ಬಡತನಕ್ಕೆ ಮಾಧ್ಯಮ ಇದೆಯಾ? ಸರ್ಕಾರಿ ನೌಕರಿಯಲ್ಲೂ ಹಾಗೇ, ತಮಿಳು ಮಾಧ್ಯಮದಲ್ಲಿ ಓದಿದವರಿಗೆ 2010ರ ಕಾಯ್ದೆ ಪ್ರಕಾರ ಶೇ. 20 ಮೀಸಲು, 2021ರ ಡಿಸೆಂಬರ್ ಆದೇಶದ ನಂತರ ಟಿಎನ್‌ಪಿಎಸ್‌ಸಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಪಾಸಾಗೋದು ಕಡ್ಡಾಯ. ಈ ನೆಲದಲ್ಲೇ ತಲೆತಲಾಂತರದಿಂದ ಇರುವ ನಮ್ಮ ಮಕ್ಕಳನ್ನೂ ಹೊರಗಿನಿಂದ ಬಂದವರನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಅನ್ಯಾಯ. ಇದನ್ನು ಕೇಳ್ತಾ ಇರ್ತೀವಿ. ಆದ್ರೆ ನಮ್ಮ ಕಡೆಯ ಬಹುಪಾಲು ಕನ್ನಡ ಶಾಲೆಗಳು ಸರ್ಕಾರಿ ಶಾಲೆಗಳೇ. ಅಲ್ಲಿ ಓದಿದವಳಿಗೆ ಸಿಗೋದನ್ನು ಬಿಟ್ಟುಕೊಡಬೇಡಿ.

ಎಲ್ಲಕ್ಕಿಂತ ದೊಡ್ಡದು 7.5 ಶೇಕಡಾ ಒಳಮೀಸಲಾತಿ. ಸರ್ಕಾರಿ ಶಾಲೆಯಲ್ಲಿ 6ರಿಂದ 12ರವರೆಗೆ ಓದಿದವರಿಗೆ 2020ರಲ್ಲಿ ಮೆಡಿಕಲ್‌ಗೆ, 2021ರಲ್ಲಿ ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಮೀನುಗಾರಿಕೆ, ಕಾನೂನು ಕೋರ್ಸಿಗೆ ಬಂತು. ಈ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದರೆ ಫೀಸು, ಹಾಸ್ಟೆಲ್ ಖರ್ಚು ಸರ್ಕಾರದ್ದು. ಬರಗೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ, 2022ರಿಂದ ಕೃಷ್ಣಗಿರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಈಗ ನೋಡಿ ತಮಾಷೆ. ಮಗನನ್ನು ಪ್ರೀತಿಯಿಂದ ಖಾಸಗಿ ಶಾಲೆಗೆ ಹಾಕಿದವರು ಈ ಅವಕಾಶ ಕಳೆದುಕೊಂಡರು. ದಂಡ ಅಂತ ಸರ್ಕಾರಿ ಶಾಲೆಗೆ ಹಾಕಿದ ಮಗಳ ಕೈಯಲ್ಲಿ ಆ ಕೋಟಾ ಇದೆ. ಅದು ಅವಳ ಕೈಯಲ್ಲಿದೆ ಅನ್ನೋದೇ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ! ಸಾಲ ಮಾಡಿ ಮಗನಿಗೆ ಕಟ್ಟಿದ ಸೀಟಿನಂಥದ್ದೇ ಸೀಟು ಮಗಳಿಗೆ ಬಿಡಿಗಾಸಿಲ್ಲದೆ ಸಿಗಬಹುದಿತ್ತು. ಥಳಿಯ ಆ ಮನೆಯಲ್ಲಿ ನಾನು ಇದನ್ನು ಹೇಳಿದಾಗ ಕೌನ್ಸೆಲಿಂಗ್ ಅರ್ಜಿಯ ದಿನ ಮುಗಿದು ಹೋಗಿತ್ತು. ಆ ತಪ್ಪು ಅವರದ್ದಲ್ಲ, ಫೋಟೋ ಹಾಕಿ ಸುಮ್ಮನಾದ ನಮ್ಮದು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡ್ತೀನಿ. ಕೆಲವರು ಹತ್ತನೆಯದಾದ ಮೇಲೆ ಕನ್ನಡದಲ್ಲೇ ಓದಲಿ ಅಂತ ಆನೇಕಲ್, ಅತ್ತಿಬೆಲೆ ಕಡೆ ಪಿಯು ಕಾಲೇಜಿಗೆ ಹಾಕ್ತಾರೆ. ಭಾವನೆ ಒಳ್ಳೇದು. ಆದ್ರೆ ಆ ಎರಡು ವರ್ಷ ಗಡಿಯ ಆಚೆ ಓದಿದರೆ ತಮಿಳುನಾಡಿನ 7.5 ಶೇಕಡಾನೂ ಹೋಯ್ತು, ಪುದುಮೈ ಪೆಣ್ಣೂ ಹೋಯ್ತು. ಅಲ್ಲಿ ನಮ್ಮ ಜಾತಿ ಪ್ರಮಾಣಪತ್ರ ನಡೆಯೋದಿಲ್ಲ, ಬೇರೆ ರಾಜ್ಯದವರನ್ನು ಸಾಮಾನ್ಯ ವರ್ಗದಲ್ಲೇ ನೋಡ್ತಾರೆ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡ ಕನ್ನಡಿಗ ಅನ್ನೋ ಒಂದು ದಾರಿ ಇದೆ, ಕನ್ನಡ ಪರೀಕ್ಷೆ ಬರೆದು ಪಾಸಾಗಬೇಕು. ಕನ್ನಡ ಶಾಲೆಯ ನಮ್ಮ ಹುಡುಗಿಯರಿಗೆ ಅದು ನೀರು ಕುಡಿದಷ್ಟು ಸುಲಭ. ಆ ದಾರಿಯನ್ನೂ ನೋಡಿ, ಆದ್ರೆ ಇಲ್ಲಿರೋದನ್ನು ಕಳೆದುಕೊಂಡು ಅಲ್ಲ. ಗಡಿ ದಾಟುವ ಮುಂಚೆ ನಿಯಮ ಓದಿ, ನಮ್ಮನ್ನು ಕೇಳಿ.

ದೂರದ ಮಾತು ಬಂತು. ಅಂಚೆಟ್ಟಿಯ ಬೆಟ್ಟದ ಹಳ್ಳಿಯಿಂದ ಕೃಷ್ಣಗಿರಿಯ ಸರ್ಕಾರಿ ಮಹಿಳಾ ಕಾಲೇಜು ಅಂದ್ರೆ ಹಗಲು ಪೂರ್ತಿ ಬಸ್ಸಿನಲ್ಲೇ. ಹೊಸೂರಿನಿಂದಲೇ ಕೃಷ್ಣಗಿರಿಗೆ 50 ಕಿಲೋಮೀಟರ್ ಹತ್ರ. ಹೊಸೂರಿನಲ್ಲಿ ಸರ್ಕಾರಿ ಕಲಾ ಕಾಲೇಜು ಇದೆ, ಆದ್ರೆ ಜವಳಗಿರಿ ಕಾಡಂಚಿನ ಹುಡುಗಿ ಅಲ್ಲಿಗೆ ಹೋಗಿ ಬರಬೇಕಾದರೆ ಕತ್ತಲಿಗೆ ಹೊರಟು ಕತ್ತಲಿಗೆ ಮನೆ ಸೇರಬೇಕು. ರಾಗಿ ತೆನೆ ಬಂದ ಮೇಲೆ ಆ ದಾರಿಯಲ್ಲಿ ಆನೆಗಳು ಓಡಾಡ್ತವೆ. ಅಮ್ಮನಿಗೆ ಆನೆಯ ಭಯ, ಅಪ್ಪನಿಗೆ ಊರವರ ಬಾಯಿಯ ಭಯ. 2021ರ ಮೇ ತಿಂಗಳಿಂದ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಒಳ್ಳೇದೇ. ಬಸ್ಸೇ ಇಲ್ಲದ ಊರಿಗೆ ಉಚಿತ ಬಸ್ಸು ಯಾಕೆ? ಗಡಿಯ ಆಚೆ ಕರ್ನಾಟಕದ ಶಕ್ತಿ ಯೋಜನೆ ಇದೆ, ಅದು ಅಲ್ಲಿಯ ನಿವಾಸಿಗಳಿಗೆ ಮಾತ್ರ. ಅತ್ತಿಬೆಲೆ ದಾಟಿದರೆ ನಮ್ಮ ಹುಡುಗಿ ಕನ್ನಡದಲ್ಲೇ ಮಾತಾಡಿ ಟಿಕೆಟ್ ತಗೋಬೇಕು.

ನಾವು ಸರ್ಕಾರಕ್ಕೆ ಕೇಳಬೇಕಾದ ಮೊದಲ ಬೇಡಿಕೆ, ಯಾವ ಕನ್ನಡ ಪೀಠವೂ ಅಲ್ಲ, ಯಾವ ಭವನವೂ ಅಲ್ಲ. ಬೆಳಗ್ಗೆ ಕಾಲೇಜಿನ ಹೊತ್ತಿಗೆ ಒಂದು ಬಸ್ಸು, ಸಂಜೆ ಕತ್ತಲಾಗುವ ಮೊದಲು ಮನೆ ಮುಟ್ಟಿಸುವ ಒಂದು ಬಸ್ಸು, ಹೊಸೂರಿನಲ್ಲಿ ಕಾಲೇಜು ಹುಡುಗಿಯರಿಗೆ ಸಾಲುವಷ್ಟು ಸರ್ಕಾರಿ ಹಾಸ್ಟೆಲ್. ಇನ್ನೊಂದು, ಇಲ್ಲಿಯ ಸರ್ಕಾರಿ ಕಾಲೇಜುಗಳಲ್ಲಿ ಡಿಗ್ರಿಯ ಮೊದಲ ಭಾಗದ ಭಾಷೆಯಾಗಿ ಕನ್ನಡ. ನಿಯಮದಲ್ಲಿ ತಮಿಳಿನ ಬದಲು ಬೇರೆ ಭಾಷೆ ತಗೊಳ್ಳೋ ಅವಕಾಶ ಇದೆ, ಬೇಕು ಅಂತ ಬರೆದುಕೊಡುವ ವಿದ್ಯಾರ್ಥಿಗಳೂ ಪಾಠ ಹೇಳುವ ಮೇಷ್ಟ್ರೂ ಇರಬೇಕು. ಕಾಸರಗೋಡು ಕನ್ನಡಿಗರನ್ನು ನೋಡಿ. 1957ರಲ್ಲಿ ಶುರುವಾದ ಅಲ್ಲಿಯ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗ ಇದೆ, ಸ್ನಾತಕೋತ್ತರ ಓದೂ ಇದೆ. ಕಾಲೇಜು ಇದ್ದ ಕಾರಣ ಟೀಚರ್‌ಗಳು ತಯಾರಾದರು, ಟೀಚರ್‌ಗಳು ಇದ್ದ ಕಾರಣ ಶಾಲೆ ಉಳಿಯಿತು.

ಅದೇ ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಹೆಸರು ಕೇಳಿರ್ತೀರಿ. ಅವರ ಸಮುದಾಯದಲ್ಲಿ ಶಾಲೆ ಓದಿದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು, ಓದಿದ್ದು ಕನ್ನಡ ಶಾಲೆಯಲ್ಲಿ. ಶಾಲೆ ಮುಗಿದ ಮೇಲೆ ಕಾಲೇಜು ಓದುವ ಆಸೆ ಇತ್ತು, ಆದದ್ದು ಮದುವೆ. ಎಷ್ಟೋ ವರ್ಷ ಆದ ಮೇಲೆ, ಮಕ್ಕಳನ್ನು ಬೆಳೆಸಿ ಬರೆಯೋಕೆ ಕೂತರು. 'ಚಂದ್ರಗಿರಿಯ ತೀರದಲ್ಲಿ' ಅನ್ನೋ ಕಾದಂಬರಿ ಬಂತು, ಕನ್ನಡಕ್ಕೆ ಒಂದು ಹೊಸ ಲೋಕವೇ ಬಂತು. 2023ರ ಜನವರಿಯಲ್ಲಿ ತೀರಿಕೊಂಡರು. ನಾವು ಅವರನ್ನು ಗಡಿನಾಡಿನ ಹೆಮ್ಮೆ ಅಂತೀವಿ, ಸರಿ. ಆ ಕಾಲೇಜಿನ ವರ್ಷಗಳು ಅವರಿಗೆ ಸಿಕ್ಕಿದ್ದರೆ ಅನ್ನೋದನ್ನೂ ಒಂದು ಕ್ಷಣ ಯೋಚನೆ ಮಾಡಿ.

ನಮ್ಮ ಹೊಸೂರಿನದ್ದೇ ಒಂದು ಉದಾಹರಣೆ. ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಹೊಸೂರಿನಲ್ಲಿ ಓದಿ ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಆಗ ಹೊಸೂರು ಮದ್ರಾಸ್ ಪ್ರಾಂತ್ಯ, ಬೆಂಗಳೂರು ಮೈಸೂರು ಸಂಸ್ಥಾನ. ಗಡಿ ಆಗಲೂ ಇತ್ತು. ಮಗ ಗಡಿ ದಾಟಿ ಓದೋದು ನಮ್ಮ ಕಡೆ ನೂರಮೂವತ್ತು ವರ್ಷದ ಹಳೆಯ ರೂಢಿ. ಮಗಳು ಗಡಿ ದಾಟೋದು ಮಾತ್ರ ಇವತ್ತಿಗೂ ಸೊಸೆಯಾಗಿ.

ಕಡೆಗೆ ನಮ್ಮ ಮನೆಯೊಳಗಿನ ಮಾತು. ನವೆಂಬರ್ ಒಂದರ ನಮ್ಮ ವೇದಿಕೆಯ ಫೋಟೋಗಳನ್ನು ತೆಗೆದು ನೋಡಿ. ಕುರ್ಚಿಯ ಮೇಲೆ ಶಾಲು ಹೊದ್ದು ಕೂತವರೆಲ್ಲ ನಾವೇ, ಗಂಡಸರು. ಹೆಣ್ಣುಮಕ್ಕಳು ಎಲ್ಲಿ? ಕಳಸ ಹಿಡಿದು ಬಾಗಿಲಲ್ಲಿ, ನಾಡಗೀತೆ ಹಾಡೋಕೆ ಮೈಕಿನ ಮುಂದೆ ಐದು ನಿಮಿಷ, ಆಮೇಲೆ ಊಟ ಬಡಿಸೋಕೆ. ಈ ಪುಟ ನಡೆಸುವ ನಮ್ಮ ಗುಂಪಿನಲ್ಲೂ ತೀರ್ಮಾನ ತಗೊಳ್ಳೋರಲ್ಲಿ ಹೆಂಗಸರಿಲ್ಲ. ಇದನ್ನು ಓದಿ ಕೆಲವು ಹಿರಿಯರಿಗೆ ಸಿಟ್ಟು ಬರಬಹುದು. ಬರಲಿ. ಹುಡುಗಿಯ ಮನೆಗೆ ಹೋಗಿ "ಓದಿಸಿ" ಅಂತ ಹೇಳೋಕೆ ನಾಲ್ಕು ಜನ ಗಂಡಸರು ಹೋದರೆ ಅಪ್ಪ ಮಾತಾಡ್ತಾನೆ, ಹುಡುಗಿ ಬಾಗಿಲ ಹಿಂದೆ ನಿಲ್ತಾಳೆ. ಕಾಲೇಜು ಓದಿದ ಒಬ್ಬ ಅಕ್ಕ ಹೋದರೆ ಅಡುಗೆಮನೆಗೇ ಹೋಗಿ ಅಮ್ಮನ ಹತ್ರ ಕೂತು ಮಾತಾಡ್ತಾಳೆ. ಬಸ್ಸಿನಲ್ಲಿ ಯಾರು ಜೊತೆಗೆ ಬರ್ತಾರೆ, ಹಾಸ್ಟೆಲಲ್ಲಿ ಬಾತ್‌ರೂಮು ಹೇಗಿದೆ, ಅಮ್ಮ ಕೇಳೋದು ಇಂಥದ್ದನ್ನು. ನಮಗೆ ಅದಕ್ಕೆ ಉತ್ತರವೇ ಗೊತ್ತಿರಲ್ಲ.

ಹಾಗಾಗಿ ಈ ವರ್ಷ ಅಭಿನಂದನೆಯ ಪೋಸ್ಟರ್ ಜೊತೆ ಇನ್ನೊಂದು ಕೆಲಸ ಮಾಡ್ತಾ ಇದ್ದೀವಿ. ಫೋಟೋ ಕಳಿಸುವ ಪ್ರತಿ ಹುಡುಗಿಗೂ ನಮ್ಮ ಕಡೆಯ, ಈಗ ಕಾಲೇಜಿನಲ್ಲಿ ಓದ್ತಾ ಇರುವ ಒಬ್ಬ ಅಕ್ಕನ ಜೊತೆ ಮಾತಾಡಿಸ್ತೀವಿ. ಅಂಥ ಅಕ್ಕಂದಿರು ಬೇಕು. ಡಿಗ್ರಿ, ಡಿಪ್ಲೊಮಾ, ನರ್ಸಿಂಗ್, ಬಿ.ಇಡಿ., ಏನಾದರೂ ಸರಿ, ಎರಡನೇ ವರ್ಷ ದಾಟಿದ್ದರೆ ಸಾಕು, ಈ ಪುಟಕ್ಕೆ ಮೆಸೇಜ್ ಮಾಡಿ. ಕಂಪನಿಗೆ ಹೋಗ್ತಾ ಇರುವ ತಂಗಿಯರೂ ಮೆಸೇಜ್ ಮಾಡಿ. ಎರಡು ವರ್ಷ ದುಡಿದ ಮೇಲೆ ಕಾಲೇಜು ಸೇರೋಕೆ ವಯಸ್ಸು ಮೀರಿಲ್ಲ, ಕೈಯಲ್ಲಿ ನಿಮ್ಮದೇ ದುಡ್ಡೂ ಇರುತ್ತೆ. ಆ ದಾರಿ ಹಿಡಿದವರು ಇದ್ದರೆ ದಯವಿಟ್ಟು ಬರೆಯಿರಿ, ನಿಮ್ಮ ಮಾತೇ ಬೇರೆಯವರಿಗೆ ಬೇಕಾಗಿರೋದು.

ಫಲಿತಾಂಶ ಬರುವ ಮೊದಲೇ ತಯಾರು ಮಾಡಿಕೊಳ್ಳಬೇಕಾದ್ದು: ಹುಡುಗಿಯ ಹೆಸರಲ್ಲೇ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮನೆಯಲ್ಲಿ ಮೊದಲ ಪದವೀಧರೆ ಆಗುವವಳಾದರೆ ಅದರ ಪ್ರಮಾಣಪತ್ರ, ಮತ್ತು 6ರಿಂದ 12ರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದ್ದಕ್ಕೆ ಹೆಡ್‌ಮಾಸ್ಟರ್ ಕೊಡುವ ದಾಖಲೆ. ಇ-ಸೇವೆ ಕೇಂದ್ರದಲ್ಲಿ ಕೊನೆಯ ದಿನ ಸರ್ವರ್ ಬಿದ್ದಿರುತ್ತೆ, ಈಗಲೇ ಹೋಗಿ. ಇಂಜಿನಿಯರಿಂಗ್ ಕೌನ್ಸೆಲಿಂಗ್ ಮತ್ತು ಸರ್ಕಾರಿ ಕಲಾ ಕಾಲೇಜಿನ ಅರ್ಜಿ ಎರಡೂ ಆನ್‌ಲೈನ್, ಎರಡನ್ನೂ ಹಾಕಿ. ಅರ್ಜಿ ತುಂಬೋಕೆ ಗೊತ್ತಾಗದಿದ್ದರೆ ಮೆಸೇಜ್ ಮಾಡಿ, ಊರಿಗೇ ಬರ್ತೀವಿ. ನಾವು ಬರುವ ದಿನ ಅಮ್ಮ ಕೂಲಿಗೆ ರಜೆ ಹಾಕಿ ಮನೆಯಲ್ಲಿ ಇರಲಿ. ಅವರ ಹತ್ರಾನೇ ಮೊದಲು ಮಾತಾಡೋದಿದೆ.